ಬಣವೆ ಸುಟ್ಟವನ ಅಪೀಲು

ರಜೆಯ ಶನಿವಾರಗಳಂದು ನಾನು ಸಿರುಗುಪ್ಪದಲ್ಲಿ ಕೂರುತ್ತೇನೆ. ಮನೆ, ಆಫೀಸು, ಕೋರ್ಟು ಎಲ್ಲ ಬಳ್ಳಾರಿಯಲ್ಲಿ. ಆದರೆ ನನ್ನ ಕಕ್ಷಿದಾರರಲ್ಲಿ ಬಹಳ ಮಂದಿ ಸಿರುಗುಪ್ಪದ ಸುತ್ತಲಿನ ಹಳ್ಳಿಗಳವರು. ಒಂದು ಮಾತು ಕೇಳುವುದಕ್ಕೆ ಅವರು ದಿನದ ಕೆಲಸ ಬಿಟ್ಟು ಬಳ್ಳಾರಿಗೆ ಬಂದು, ನಾನು ಕೋರ್ಟು ಮುಗಿಸಿ ಬರುವವರೆಗೆ ಮೆಟ್ಟಿಲ ಮೇಲೆ ಕಾಯುವುದು ನನಗೆ ಸರಿಕಾಣಲಿಲ್ಲ. ಹಾಗಾಗಿ ಅಲ್ಲೊಂದು ಗೊಬ್ಬರದಂಗಡಿಯ ಮೇಲಿನ ಕೋಣೆ ಹಿಡಿದಿದ್ದೇನೆ. ಯೂರಿಯಾ ವಾಸನೆಗೆ ಮೂಗು ಒಗ್ಗಿಹೋಗಿದೆ. ಬಳ್ಳಾರಿಯ ವಕೀಲ ಮಿತ್ರರು ಬೆನ್ನ ಹಿಂದೆ ನನ್ನನ್ನು ಗೊಬ್ಬರದ ಮೇಡಂ ಎಂದು ಆಡಿಕೊಳ್ಳುತ್ತಾರಂತೆ. ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಅಂಥ ಒಂದು ಶನಿವಾರ ಸಿರಿಗೇರಿಯಿಂದ ಇಬ್ಬರು ಬಂದರು. ಒಬ್ಬರು ಅರವತ್ತು ದಾಟಿದ ಹಿರಿಯರು, ಬಿಳಿ ಧೋತರ, ಹೆಗಲ ಮೇಲೆ ಟವಲು. ಅವರ ಹಿಂದೆ ತಲೆತುಂಬ ಸೆರಗು ಹೊದ್ದ ಹೆಣ್ಣುಮಗಳು. ಹಿರಿಯರು ತೀರಿಹೋದ ತಮ್ಮನ ಮಗನ ವಿಷಯಕ್ಕೆ ಬಂದಿದ್ದರು. ಹೆಣ್ಣುಮಗಳು ಆ ಹುಡುಗನ ತಾಯಿ. ಹುಡುಗನಿಗೆ ಇಪ್ಪತ್ತು ವರ್ಷ, ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಪಕ್ಕದ ಮನೆಯವರ ಮೇವಿನ ಬಣವೆಗೆ ಬೆಂಕಿ ಇಟ್ಟ ತಪ್ಪಿಗೆ ಮೂರು ವರ್ಷ ಸಜೆಯಾಗಿ, ಹಿಂದಿನ ವಾರ ಅವನನ್ನು ಬಳ್ಳಾರಿ ಜೈಲಿಗೆ ಒಯ್ದಿದ್ದರು. ಅಪೀಲು ಹಾಕಬೇಕು, ನೀವೇ ನಡೆಸಬೇಕು ಎಂಬುದು ಅವರ ಕೋರಿಕೆ.

ನಾನು ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದೆ. ಬೆಂಕಿ ಇಟ್ಟದ್ದು ನಿಜವೋ ಸುಳ್ಳೋ?

"ಇಟ್ಟಾನ್ರಿ," ಎಂದರು ಹಿರಿಯರು. "ಸುಳ್ಳು ಹೇಳಾಕ ಬಂದಿಲ್ಲ ನಾವು."

ನನಗೆ ಅವರು ಆ ಕ್ಷಣವೇ ಹಿಡಿಸಿದರು. ಈ ಕುರ್ಚಿಯಲ್ಲಿ ಕೂತವಳಿಗೆ ದಿನವೂ ಬರೀ ನಿರಪರಾಧಿಗಳೇ ಎದುರಾಗುತ್ತಾರೆ. ತಪ್ಪು ಮಾಡಿದ್ದೇವೆ ಎಂದು ಹೇಳಿ ಕೂರುವವರು ಅಪರೂಪ.

ತೀರ್ಪನ್ನು ಅಲ್ಲೇ ಓದಿದೆ. ಅಪರಾಧ ಸಾಬೀತಾದ ಬಗ್ಗೆ ನನಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಶಿಕ್ಷೆಯ ಬಗ್ಗೆ. ಯಾವ ಊರಿನ ಕೋರ್ಟು ಎಂದು ಇಲ್ಲಿ ಹೇಳುವುದಿಲ್ಲ. ಮ್ಯಾಜಿಸ್ಟ್ರೇಟರು ಹೊಸಬರು, ಆ ಸುಗ್ಗಿಯಲ್ಲಿ ಅಲ್ಲಲ್ಲಿ ಬಣವೆಗಳು ಉರಿದಿದ್ದವು, ಒಬ್ಬನಿಗೆ ಬಿಸಿ ಮುಟ್ಟಿಸಿದರೆ ಉಳಿದವರು ಹದ್ದುಬಸ್ತಿಗೆ ಬರುತ್ತಾರೆ ಎಂದುಕೊಂಡಿರಬೇಕು. ಅವರಿಗೆ ಕೊಡಲು ಅಧಿಕಾರವಿದ್ದದ್ದೇ ಮೂರು ವರ್ಷ. ಇದ್ದದ್ದನ್ನೆಲ್ಲ ಬಾಚಿ ಕೊಟ್ಟುಬಿಟ್ಟಿದ್ದರು. ಹಿಂದೆ ಒಂದು ಸಣ್ಣ ಕೇಸೂ ಇಲ್ಲದ ಹುಡುಗನಿಗೆ ಅಷ್ಟು. ಇಪ್ಪತ್ತೊಂದು ತುಂಬದವನನ್ನು ಜೈಲಿಗೆ ಕಳಿಸುವ ಮುಂಚೆ ಪ್ರೊಬೇಷನ್ ಅಧಿಕಾರಿಯನ್ನು ಅವನ ಊರಿಗೆ ಕಳಿಸಿ, ಅವನ ನಡತೆ, ಮನೆತನ ವಿಚಾರಿಸಿ ವರದಿ ತರಿಸಿಕೊಳ್ಳಬೇಕು. ಆಮೇಲೂ ಜೈಲೇ ಆಗಬೇಕೆಂದರೆ ಯಾಕೆ ಎಂದು ಕಾರಣ ಬರೆಯಬೇಕು. ಕಾನೂನು ಹಾಗೆ ಹೇಳುತ್ತದೆ. ಇಲ್ಲಿ ವರದಿಯೇ ಇಲ್ಲ. ಕಾರಣ ಮಾತ್ರ ಒಂದಿತ್ತು, ಅದನ್ನು ಓದಿ ನನ್ನ ಪಿತ್ತ ನೆತ್ತಿಗೇರಿತು. ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಆರೋಪಿ ತಲೆ ತಗ್ಗಿಸಿ ನಿಂತನೇ ಹೊರತು ಬಾಯಿ ಬಿಡಲಿಲ್ಲ. ಅವನಲ್ಲಿ ಪಶ್ಚಾತ್ತಾಪದ ಲಕ್ಷಣ ಕಾಣಲಿಲ್ಲ, ಹೀಗಾಗಿ ದಯೆಗೆ ಅರ್ಹನಲ್ಲ ಎಂದು ಬರೆದಿದ್ದರು.

ಅವನು ಯಾಕೆ ಮಾತಾಡಲಿಲ್ಲ ಎಂದು ಕೇಳಿದೆ. ಹಿರಿಯರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನಾನಿದ್ನೆಲ್ರಿ ಹೊರಗ," ಎಂದರು. "ಕರೀತಾರಂತ ಬಾಗಿಲದಾಗ ನಿಂತಿದ್ನಿ. ಯಾರೂ ಕರೀಲಿಲ್ಲ."

ನನಗೆ ಎಲ್ಲ ಅರ್ಥವಾಯಿತು. ನನ್ನ ತವರು ಕುರುಗೋಡು. ಅಜ್ಜ ಅಲ್ಲಿ ದೈವದ ಮಂದಿಯಲ್ಲಿ ಒಬ್ಬರಾಗಿದ್ದರು. ನಮ್ಮ ಕಡೆ ದೈವ ಅಂದರೆ ಊರ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರು. ಅಲ್ಲಿ ತಪ್ಪು ಮಾಡಿದ ಹುಡುಗ ಕೈಕಟ್ಟಿ ತಲೆ ತಗ್ಗಿಸಿ ನಿಲ್ಲಬೇಕು. ಬಾಯಿ ಬಿಡಬಾರದು. ಬಿಟ್ಟನೋ, ಮೊದಲಿನ ತಪ್ಪಿಗಿಂತ ಅದೇ ದೊಡ್ಡದಾಗುತ್ತದೆ. ಮಾತಾಡಬೇಕಾದವರು ಅವನ ಮನೆಯ ಹಿರಿಯರು. ಇವನ ಹಿಂದೆ ಯಾರಿದ್ದಾರೆ ಎಂದು ದೈವದವರು ಕೇಳಿದಾಗ ಅವರು ಎದ್ದು ನಿಂತು, ನಮ್ಮ ಹುಡುಗ ತಪ್ಪಿದ್ದಾನೆ, ನೀವು ಹೇಳಿದ ಹಾಗೆ ನಡೆಯುತ್ತೇವೆ ಎನ್ನಬೇಕು. ನಾನು ಹತ್ತು ವರ್ಷದವಳಿದ್ದಾಗ ಆ ಕಟ್ಟೆಯ ಹತ್ತಿರ ಆಡುತ್ತ ನಿಂತು, ಆ ಹುಡುಗನಿಗೂ ಬಾಯಿ ಇದೆಯಲ್ಲ, ಅವನನ್ನೇ ಕೇಳಿ ಎಂದು ಜೋರಾಗಿ ಹೇಳಿ, ಅಜ್ಜನ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೆ. ವಕೀಲಿಕೆ ಅಲ್ಲಿಂದಲೇ ಶುರುವಾಯಿತು ಎಂದು ತಮ್ಮ ಈಗಲೂ ಛೇಡಿಸುತ್ತಾನೆ.

ಹುಡುಗ ಕೋರ್ಟಿನಲ್ಲಿ ತನಗೆ ತಿಳಿದ ಮಟ್ಟಿಗೆ ಅತ್ಯಂತ ಮರ್ಯಾದೆಯಿಂದ ನಡೆದುಕೊಂಡಿದ್ದ. ದೊಡ್ಡಪ್ಪ ಬಾಗಿಲಲ್ಲಿದ್ದಾರೆ, ಅವರು ಬಂದು ಮಾತಾಡುತ್ತಾರೆ ಎಂದು ಕಾದಿದ್ದ. ಅವನ ವಕೀಲರು ಅವತ್ತು ಬೇರೆಲ್ಲೋ ಇದ್ದರು. ಬದಲಿಗೆ ನಿಂತ ಕಿರಿಯರು ಶಿಕ್ಷೆ ಕಡಿಮೆ ಮಾಡಿ ಎಂಬ ಒಂದು ವಾಕ್ಯ ಹೇಳಿ ಕೂತಿದ್ದರು. ಅಪೀಲು ಹಾಕುವವರೆಗೆ ಜಾಮೀನು ಕೊಡಿ ಎಂದು ಕೇಳಲೂ ಇಲ್ಲ. ಹೀಗೆ ಒಂದು ಮರ್ಯಾದೆ ಮೂರು ವರ್ಷದ ಜೈಲಾಯಿತು.

"ಯಜಮಾನ್ರೆ, ನಿಮ್ಮ ಹುಡುಗನ್ನ ಮನಿಗೆ ಕಳಿಸ್ತೀನಿ," ಎಂದೆ.

ನನ್ನ ಜೂನಿಯರ್ ಹುಡುಗಿ ಪಕ್ಕದಲ್ಲಿ ಕೆಮ್ಮಿದಳು. ವಕೀಲರು ಹಾಗೆಲ್ಲ ಮಾತು ಕೊಡಬಾರದು, ನೋಡೋಣ, ಪ್ರಯತ್ನ ಮಾಡೋಣ ಅನ್ನಬೇಕು ಎಂದು ಅವಳಿಗೆ ಕಾಲೇಜಿನಲ್ಲಿ ಕಲಿಸಿದ್ದಾರೆ. ನೋಡೋಣ ಎನ್ನುವ ವಕೀಲರನ್ನು ಕಂಡರೆ ನನಗೆ ಆಗುವುದಿಲ್ಲ. ಗೆಲ್ಲುವ ಕೇಸನ್ನು ಗೆಲ್ಲುತ್ತೇನೆ ಅನ್ನಬೇಕು, ಸೋಲುವ ಕೇಸನ್ನು ಹಿಂದಕ್ಕೆ ಕೊಡಬೇಕು. ಇದು ಗೆಲ್ಲುವ ಕೇಸು. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೊದಲ ಕೆಲಸ ಬೇಗ ಆಯಿತು. ಅಪೀಲು ದಾಖಲಾಗಿ, ಅದು ತೀರ್ಮಾನವಾಗುವವರೆಗೆ ಶಿಕ್ಷೆಯನ್ನು ತಡೆಹಿಡಿದು ಸೆಷನ್ಸ್ ನ್ಯಾಯಾಧೀಶರು ಜಾಮೀನು ಕೊಟ್ಟರು. ಜೈಲಿನಿಂದ ಹೊರಬಂದ ಹುಡುಗನನ್ನು ದೊಡ್ಡಪ್ಪ ನೇರವಾಗಿ ನನ್ನ ಆಫೀಸಿಗೇ ಕರೆತಂದರು. ಎತ್ತರದ ಹುಡುಗ. ಕೂರು ಎಂದರೂ ಕೂರಲಿಲ್ಲ. ನನ್ನ ಪ್ರಶ್ನೆಗಳಿಗೆಲ್ಲ ದೊಡ್ಡಪ್ಪನ ಮುಖ ನೋಡುತ್ತಿದ್ದ, ಉತ್ತರವನ್ನು ಅವರೇ ಕೊಡುತ್ತಿದ್ದರು. ಎರಡು ಸಲ ತಡೆದುಕೊಂಡೆ. ಮೂರನೆಯ ಸಲ, ನಾನು ಕೇಳುತ್ತಿರುವುದು ಅವನನ್ನು, ನೀವು ಕೆಳಗೆ ಹೋಗಿ ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ ತಿಂದು ಬನ್ನಿ ಎಂದು ಹಿರಿಯರನ್ನು ಹೊರಗೆ ಅಟ್ಟಿದೆ. ಅವರು ಹೋದ ಮೇಲೂ ಹುಡುಗ ಹೆಚ್ಚೇನೂ ಹೇಳಲಿಲ್ಲ. ಅಂಗಿಯ ತೋಳು ಮಡಚು ಎಂದಾಗ ಮಡಚಿದ. ಬಲಗೈ ಮೊಣಕೈವರೆಗೆ ಸುಟ್ಟ ಕಲೆ ಇತ್ತು.

ಆ ಕಲೆಯ ವಿಷಯ ನನಗೆ ಕಾಗದಪತ್ರ ಓದುವಾಗಲೇ ಗೊತ್ತಾಗಿತ್ತು. ನಡೆದದ್ದು ಇಷ್ಟು. ಅವರ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ದಾರಿ. ಪಕ್ಕದ ಮನೆಯ ಹೆಣ್ಣುಮಗಳು ವಿಧವೆ, ಎಮ್ಮೆ ಕಟ್ಟಿ ಹಾಲು ಹಾಕಿ ಬದುಕುವವಳು. ಆ ವರ್ಷ ಬಣವೆಯನ್ನು ದಾರಿಗೆ ಸ್ವಲ್ಪ ಒತ್ತಿ ಒಟ್ಟಿದ್ದಳು. ಟ್ರ್ಯಾಕ್ಟರ್ ಹೋಗುವುದಿಲ್ಲ ಎಂದು ಹುಡುಗ ತಕರಾರು ತೆಗೆದ. ಆಕೆ ನಾಲ್ಕು ಮಂದಿಯ ಮುಂದೆ, ಅಪ್ಪ ಇದ್ದಿದ್ದರೆ ಇವನಿಗೆ ಬುದ್ಧಿ ಬರುತ್ತಿತ್ತು ಎಂದುಬಿಟ್ಟಳು. ಅಪ್ಪನನ್ನು ಕಳೆದುಕೊಂಡು ವರ್ಷವೂ ತುಂಬಿರಲಿಲ್ಲ. ಸಂಜೆ ಬಂದು ಕಡ್ಡಿ ಗೀರಿದ. ಗಾಳಿ ಇತ್ತು, ಬೆಂಕಿ ಕೊಟ್ಟಿಗೆಯ ಕಡೆ ತಿರುಗಿತು. ಒಳಗೆ ಎಮ್ಮೆಗಳಿದ್ದವು. ಓಡಿಹೋಗಿದ್ದರೆ ಯಾರು ಇಟ್ಟರು ಎಂದು ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಕೊಟ್ಟಿಗೆಗೆ ನುಗ್ಗಿ ಹಗ್ಗ ಬಿಚ್ಚಿದ. ಕೂಗು ಕೇಳಿ ಓಡಿಬಂದವರು ನೋಡಿದ್ದು ಅವನನ್ನೇ. ಕೆಳಗಿನ ಕೋರ್ಟು ಆ ಸಾಕ್ಷ್ಯವನ್ನು ಆರೋಪಿ ಸ್ಥಳದಲ್ಲಿದ್ದ ಎಂಬುದಕ್ಕೆ ಪುರಾವೆಯೆಂದು ಬಳಸಿಕೊಂಡು, ಅವನು ಅಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಅಲ್ಲಿಗೇ ಬಿಟ್ಟಿತ್ತು. ಎಮ್ಮೆ ಬಿಚ್ಚಿದ್ದಕ್ಕೆ ಸಿಕ್ಕಿಬಿದ್ದವನನ್ನು ದಯೆಗೆ ಅರ್ಹನಲ್ಲ ಎನ್ನುವುದೇ? ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ, ಮುಂದೊಂದು ಶನಿವಾರ ಹಿರಿಯರ ಜೊತೆ ಸಿರುಗುಪ್ಪಕ್ಕೆ ಬಂದ ತಾಯಿಯ ಬಾಯಿಂದ ಬಂತು. ಮಾತಿನ ನಡುವೆ ಆಕೆ, ಮೇವನ್ನಂತೂ ಹಾಕಿಕೊಟ್ಟಿದ್ದೇವಲ್ಲ ಎಂದಳು. ಹಿರಿಯರು ಗಂಟಲು ಸರಿಮಾಡಿಕೊಂಡರು, ಆಕೆ ಸುಮ್ಮನಾದಳು. ಬಿಡುವವಳು ನಾನಲ್ಲ. ಕೆದಕಿ ಕೆದಕಿ ಕೇಳಿದಾಗ ತಿಳಿಯಿತು: ಬೆಂಕಿ ಬಿದ್ದ ಕೆಲವೇ ದಿನಕ್ಕೆ ಹಿರಿಯರು ತಮ್ಮ ಬಣವೆಯನ್ನೇ ಬಿಚ್ಚಿ, ಟ್ರೇಲರ್ ತುಂಬ ಭತ್ತದ ಹುಲ್ಲು ಹೇರಿಸಿ, ಪಕ್ಕದ ಮನೆಯವಳ ಹಿತ್ತಲಲ್ಲಿ ಇಳಿಸಿ ಬಂದಿದ್ದರು. ಊರಿನವರ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿದಿತ್ತು. ಆದರೆ ಅಷ್ಟರಲ್ಲಿ ದೂರು ದಾಖಲಾಗಿತ್ತು, ಕೇಸು ತನ್ನ ಪಾಡಿಗೆ ನಡೆಯಿತು. ಈ ವಿಷಯ ಯಾವ ಕೋರ್ಟಿನಲ್ಲೂ ಯಾರೂ ಎತ್ತಿರಲಿಲ್ಲ.

ಇದು ನನಗೆ ಬೇಕು, ನ್ಯಾಯಾಧೀಶರಿಗೆ ಹೇಳುತ್ತೇನೆ ಎಂದೆ. ಹಿರಿಯರು ಕಡ್ಡಿ ಮುರಿದ ಹಾಗೆ ಬೇಡ ಎಂದರು.

"ತಪ್ಪಿಗಂತ ಕೊಟ್ಟಿದ್ದನ್ನ ಹೇಳ್ಕೋಬಾರದು ಮೇಡಮ್ಮಾರ. ಹೇಳ್ಕೊಂಡ್ರ ಅದು ಕೊಟ್ಟಂಗ ಆಗಂಗಿಲ್ಲ."

ಅವರೊಂದಿಗೆ ಬಹಳ ಹೊತ್ತು ಜಗಳವಾಡಿದೆ. ಹುಡುಗನ ಮೂರು ವರ್ಷ ದೊಡ್ಡದೋ ನಿಮ್ಮ ಸಂಕೋಚ ದೊಡ್ಡದೋ ಎಂದು ಕೇಳಿದೆ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಿರಿಯರು ಜಗ್ಗಲಿಲ್ಲ. ಬೇರೆ ಏನು ಬೇಕಾದರೂ ಹೇಳಿ, ಅದೊಂದು ಬೇಡ ಎಂದು ಕೈಮುಗಿದರು. ಮೊಂಡರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಾನೇ ಒಬ್ಬ ಮೊಂಡಿ. ಆದರೆ ತನ್ನ ಒಳ್ಳೆಯತನವನ್ನು ಮುಚ್ಚಿಡಲು ಇಷ್ಟು ಹಟ ಹಿಡಿದವರನ್ನು ನೋಡಿರಲಿಲ್ಲ. ಕಕ್ಷಿದಾರರು ಬೇಡ ಎಂದದ್ದನ್ನು ನಾನು ಹೇಳುವ ಹಾಗಿಲ್ಲ. ಸರಿ, ಅದಿಲ್ಲದೆಯೂ ಗೆಲ್ಲುತ್ತೇನೆ ಎಂದು ಅವರನ್ನು ಕಳಿಸಿದೆ.

ಆದರೂ ಸ್ಥಳವನ್ನು ಒಮ್ಮೆ ಕಣ್ಣಾರೆ ನೋಡದೆ ವಾದಿಸುವುದು ನನಗೆ ಒಗ್ಗುವುದಿಲ್ಲ. ಒಂದು ಭಾನುವಾರ ಕುರುಗೋಡಿಗೆ ಹೋಗಿ, ತಮ್ಮನ ಮನೆಯಲ್ಲಿ ರೊಟ್ಟಿ ತಿಂದು, ಅವನ ಬೈಕಿನ ಹಿಂದೆ ಕೂತು ಸಿರಿಗೇರಿಗೆ ಹೋದೆ. ದಾರಿಯ ಎರಡೂ ಕಡೆ ಭತ್ತ ಮೊಣಕಾಲೆತ್ತರ ನಿಂತಿತ್ತು. ಐವತ್ತು ದಾಟಿದ ಅಕ್ಕನನ್ನು ಹಿಂದೆ ಕೂರಿಸಿಕೊಂಡು ತಗ್ಗುದಿನ್ನೆಗಳಲ್ಲಿ ಬೈಕು ಹಾರಿಸುವ ತಮ್ಮನನ್ನು ದಾರಿಯುದ್ದಕ್ಕೂ ಬೈದೆ. ದಾರಿ, ಎರಡು ಮನೆ, ಕೊಟ್ಟಿಗೆ ಎಲ್ಲ ನೋಡಿದೆ. ಕೊಟ್ಟಿಗೆಯ ಒಂದು ಮೂಲೆಯ ತೊಲೆ ಇನ್ನೂ ಕಪ್ಪಗಿತ್ತು. ದೂರು ಕೊಟ್ಟ ಹೆಣ್ಣುಮಗಳನ್ನು ಮಾತಾಡಿಸುವ ಉದ್ದೇಶ ನನಗಿರಲಿಲ್ಲ, ಅದು ಸರಿಯೂ ಅಲ್ಲ. ಆದರೆ ಆಕೆಯೇ ಎಮ್ಮೆ ಮೈ ತೊಳೆಯುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ದಾರಿಗೆ ಬಂದಳು. ಗಡಿಯಾಚೆ ಹುಟ್ಟಿ ಸಿರಿಗೇರಿಗೆ ಸೊಸೆಯಾಗಿ ಬಂದವಳು. ಎಮ್ಮೆಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದಳು, ಮನುಷ್ಯರನ್ನು ಕನ್ನಡದಲ್ಲಿ.

"ಸುಟ್ಟವರ ಕಡೀ ವಕೀಲ್ರು ನೀವ?" ಎಂದಳು. ಹೌದೆಂದೆ.

"ಬಣವಿ ಸುಟ್ಟಾಗ ನನ್ನ ಕಡೀಗೆ ಹಿಂಗ ಬೈಕ್ ಮ್ಯಾಲೆ ಯಾರೂ ಬರ್ಲಿಲ್ಲ ನೋಡ್ರಿ. ಒಬ್ಬಾಕಿ ಒಟ್ಟಿದ್ನಿ ಅದನ್ನ. ಉರಿಯೋದು ನೋಡೀರೇನು ನೀವು ಯಾವತ್ತಾರ?"

ನೋಡಿರಲಿಲ್ಲ. ಹಾಗೆಂದು ಹೇಳಿದೆ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಬಣವೆ ಅಂದರೆ ಹಾಲು ಮಾರಿ ಬದುಕುವವಳಿಗೆ ಇಡೀ ವರ್ಷ. ಅವಳ ಸಿಟ್ಟಿನ ಮುಂದೆ ನನ್ನ ವಾದವೆಲ್ಲ ತೆಳ್ಳಗೆನಿಸಿತು. ನಾನು ನಮಸ್ಕಾರ ಹೇಳಿ ಹೊರಟೆ. ತಮ್ಮ ದಾರಿಯಲ್ಲಿ, ನಿನ್ನ ಬಾಯಿ ಮುಚ್ಚಿಸುವವರೂ ಇದ್ದಾರಲ್ಲ ಎಂದು ಖುಷಿಪಟ್ಟ. ನನಗೆ ಖುಷಿಯಾಗಲಿಲ್ಲ. ನ್ಯಾಯಾಧೀಶರ ಮುಂದೆ ಆಕೆ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದರೆ ಹುಡುಗ ಮತ್ತೆ ಜೈಲಿಗೆ ಹೋಗಬಹುದು ಎಂದು ಮೊದಲ ಬಾರಿಗೆ ಅನ್ನಿಸಿತು.

ಮೊದಲ ವಿಚಾರಣೆಯಲ್ಲಿ ನನ್ನ ಅರ್ಧ ಕೆಲಸ ಆಯಿತು. ಕಾನೂನು ಹೇಳುವ ವರದಿ ಈ ಕೇಸಿನಲ್ಲಿ ಇಲ್ಲವೇ ಇಲ್ಲ ಎಂದು ತೋರಿಸಿದೆ. ನ್ಯಾಯಾಧೀಶರು ನಿವೃತ್ತಿಗೆ ಹತ್ತಿರವಾದವರು, ಕಡಿಮೆ ಮಾತಿನವರು. ಕೂಡಲೇ ಪ್ರೊಬೇಷನ್ ಅಧಿಕಾರಿಗೆ ವರದಿ ಕೊಡಲು ಆದೇಶ ಮಾಡಿದರು. ಜೊತೆಗೆ, ನಷ್ಟ ಆದವರ ಮಾತನ್ನೂ ಕೇಳಬೇಕು, ಮುಂದಿನ ವಿಚಾರಣೆಗೆ ದೂರುದಾರರೂ ಹಾಜರಿರಲಿ ಎಂದರು. ಅದು ನ್ಯಾಯವಾದ ಮಾತು.

ಮುಂದಿನ ವಿಚಾರಣೆಯ ದಿನ ಕೋರ್ಟು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಹಿರಿಯರು, ತಾಯಿ. ಅವರಿಂದ ದೂರ, ಇನ್ನೊಂದು ತುದಿಯಲ್ಲಿ ಆ ಹೆಣ್ಣುಮಗಳು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಸರ್ಕಾರಿ ವಕೀಲರು ಚೆನ್ನಾಗಿ ವಾದಿಸಿದರು. ಇವತ್ತು ಇವನನ್ನು ಬಿಟ್ಟರೆ ನಾಳೆ ಊರೂರಲ್ಲಿ ಬಣವೆಗಳು ಉರಿಯುತ್ತವೆ, ಎಮ್ಮೆಗಳು ಸುಟ್ಟಿದ್ದರೆ ಏನು ಗತಿ ಎಂದು ಕೇಳಿದರು. ನಾನು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಎದ್ದು, ಯಾಕೆ ಸುಡಲಿಲ್ಲ ಎಂದು ಸರ್ಕಾರದ ಸಾಕ್ಷಿಯೇ ಹೇಳಿದ್ದಾನೆ, ಕೇಳಿ ಎಂದು ಆ ಸಾಕ್ಷ್ಯವನ್ನು ಓದಿದೆ. ನಾನು ಬಂದಾಗ ಆರೋಪಿ ಕೊಟ್ಟಿಗೆಯೊಳಗೆ ಎಮ್ಮೆಯ ಹಗ್ಗ ಬಿಚ್ಚುತ್ತಿದ್ದ ಎಂಬ ಸಾಲನ್ನು ಎರಡು ಸಲ ಓದಿದೆ. ಎರಡನೆಯ ಸಲ ನನ್ನ ದನಿ ಸ್ವಲ್ಪ ಏರಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ಕಿವಿ ಕೇಳಿಸುತ್ತದೆ ಎಂದು ಅದರ ಅರ್ಥ. ದನಿ ಇಳಿಸಿದೆ, ವಾದ ಇಳಿಸಲಿಲ್ಲ.

ಆಮೇಲೆ ಅವರು ಪ್ರೊಬೇಷನ್ ಅಧಿಕಾರಿಯ ವರದಿ ಓದಿದರು. ಹುಡುಗನ ನಡತೆಯ ಬಗ್ಗೆ ಊರಿನವರು ಹೇಳಿದ್ದು ಅದರಲ್ಲಿತ್ತು. ಕೊನೆಗೆ ದೂರುದಾರಳ ಹೇಳಿಕೆ. ಸುಟ್ಟ ಬಣವೆಯ ಬದಲಿಗೆ ಆರೋಪಿಯ ಮನೆಯವರು ಮೇವು ತಂದು ಹಾಕಿದ್ದಾರೆ, ತಾನು ಅದನ್ನು ಇಳಿಸಿಕೊಂಡಿದ್ದೇನೆ, ಈ ಮಾತನ್ನು ಅವರಾಗಿ ಎಲ್ಲೂ ಹೇಳುವುದಿಲ್ಲ, ಹಾಗಾಗಿ ತಾನೇ ಹೇಳುತ್ತಿದ್ದೇನೆ ಎಂದು ಆಕೆ ಬರೆಸಿದ್ದಳು. ಹಿರಿಯರು ಹೇಳಬೇಡಿ ಎಂದದ್ದು ಹೀಗೆ ಕೋರ್ಟಿಗೆ ಬಂತು. ತಿರುಗಿ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮೇವು ಇಳಿಸಿದ್ದನ್ನು ನೆನೆದು ನಾಚಿಕೊಳ್ಳುತ್ತಿದ್ದ ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ ಬಂತು.

ನ್ಯಾಯಾಧೀಶರು ಹುಡುಗನನ್ನು ಮುಂದೆ ಕರೆದು, ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅದೇ ಪ್ರಶ್ನೆ. ಹಿಂದಿನ ದಿನ ನಾನು ಅವನಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ, ಕೇಳಿದರೆ ಬಾಯಿ ಬಿಡಬೇಕು, ಇಲ್ಲಿ ಸುಮ್ಮನಿರುವುದು ಮರ್ಯಾದೆಯಲ್ಲ. ಅವನು ತಲೆ ತಗ್ಗಿಸಿದ. ಕೈಕಟ್ಟಿದ. ತುಟಿ ಅಲುಗಲಿಲ್ಲ. ನನಗೆ ಅವನ ಹೆಗಲು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅವನು ನಿಧಾನವಾಗಿ ಹಿಂದೆ ತಿರುಗಿ ದೊಡ್ಡಪ್ಪನನ್ನು ನೋಡಿದ. ನ್ಯಾಯಾಧೀಶರೂ ನೋಡಿದರು. ಯಾರವರು ಎಂದು ಕೇಳಿದರು. ಅವನ ಮನೆಯ ಹಿರಿಯರು, ಅವರಿರುವಾಗ ತಾನು ಮಾತಾಡುವುದು ತಪ್ಪು ಎಂದು ತಿಳಿದಿದ್ದಾನೆ, ಕೆಳಗಿನ ಕೋರ್ಟಿನಲ್ಲಿಯೂ ಆದದ್ದು ಇದೇ ಎಂದೆ. ಇದನ್ನು ವಾದದಲ್ಲಿ ಹೇಳಲು ನಾನು ಒಂದು ಪುಟ ಬರೆದುಕೊಂಡಿದ್ದೆ. ಅದು ಬೇಕಾಗಲಿಲ್ಲ.

ಹಿರಿಯರು ಎದ್ದು ನಿಂತರು. ತಾವೇ ಮಾತಾಡುತ್ತಾರೆ ಎಂದುಕೊಂಡೆ. ಅವರು ನ್ಯಾಯಾಧೀಶರಿಗೆ ಕೈಮುಗಿದು, ಹುಡುಗನಿಗೆ ಹೇಳಿದರು:

"ನೀನ ಮಾತಾಡಪ್ಪ. ನಾ ಕುಂದ್ರತೀನಿ."

ಹೇಳಿದ ಹಾಗೇ ಕೂತರು. ಹುಡುಗ ಶುರು ಮಾಡಿದ. ಅವನ ದನಿಯನ್ನು ನಾನು ಅಷ್ಟು ಉದ್ದಕ್ಕೆ ಕೇಳಿದ್ದು ಅದೇ ಮೊದಲು.

"ಅಪ್ಪನ್ನ ಅಂದ್ಲಂತ ಸಿಟ್ಟು ಬಂತ್ರಿ. ಕಡ್ಡಿ ಗೀರಿದ್ನಿ. ಎಮ್ಮಿ ಒದರೋದು ಕೇಳಿದ್ಮ್ಯಾಲೆ ಸಿಟ್ಟು ಎಲ್ಲಿ ಹೋತೋ ಗೊತ್ತಾಗಲಿಲ್ಲ. ಆಕಿ ಆ ಬಣವಿ ಒಟ್ಟೋದನ್ನ ದಿನಾ ನೋಡಿದ್ನಿರಿ ನಾನು. ಒಬ್ಬಾಕಿನ ಒಟ್ಟಿದ್ಲು. ನಾ ಮಾಡಿದ್ದು ತಪ್ಪೈತಿ."

ಯಾವ ವಕೀಲರೂ ಅದಕ್ಕಿಂತ ಚೆನ್ನಾಗಿ ಹೇಳಲಾರರು, ನಾನೂ ಸೇರಿ. ನ್ಯಾಯಾಧೀಶರು ದೂರು ಕೊಟ್ಟ ಹೆಣ್ಣುಮಗಳ ಕಡೆ ತಿರುಗಿ ನಿಮಗೇನು ಹೇಳುವುದಿದೆ ಎಂದು ಕೇಳಿದರು. ಆಕೆ ಎದ್ದು, ತನಗೆ ಆದದ್ದು ಬಹಳ ಕಷ್ಟ, ಅದನ್ನು ಮರೆಯುವುದಿಲ್ಲ, ಮರೆತೆ ಎಂದು ಸುಳ್ಳು ಹೇಳುವುದಿಲ್ಲ ಎಂದಳು. ಆಮೇಲೆ, ಅವನು ಜೈಲಿನಲ್ಲಿದ್ದರೆ ನನ್ನ ಎಮ್ಮೆಗಳಿಗೆ ಹೊಟ್ಟೆ ತುಂಬುವುದಿಲ್ಲ ಎಂದು ಹೇಳಿ ಕೂತಳು. ಯಾರೋ ಹಿಂದಿನಿಂದ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು.

ಮಧ್ಯಾಹ್ನದ ಮೇಲೆ ಆದೇಶ ಬಂತು. ಅಪರಾಧ ಸಾಬೀತಾದದ್ದು ಹಾಗೇ ಉಳಿಯಿತು, ಉಳಿಯಬೇಕಾದದ್ದೇ. ಮೂರು ವರ್ಷದ ಸಜೆ ರದ್ದಾಯಿತು. ಅದರ ಬದಲಿಗೆ ಹುಡುಗ ಎರಡು ವರ್ಷ ಒಳ್ಳೆಯ ನಡತೆಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು, ಪ್ರೊಬೇಷನ್ ಅಧಿಕಾರಿಯ ಕಣ್ಣಳತೆಯಲ್ಲಿರಬೇಕು, ಅವನಿಗೆ ಒಬ್ಬರು ಜಾಮೀನುದಾರರು ನಿಲ್ಲಬೇಕು. ಈ ಎರಡು ವರ್ಷದಲ್ಲಿ ಅವನು ಮತ್ತೆ ತಪ್ಪಿದರೆ ಕೋರ್ಟು ಅವನನ್ನು ಕರೆಸಿ ಶಿಕ್ಷೆ ಕೊಡುತ್ತದೆ, ಜಾಮೀನು ನಿಂತವರೂ ಉತ್ತರ ಹೇಳಬೇಕಾಗುತ್ತದೆ. ಮೊದಲ ದಿನ ಸಿರುಗುಪ್ಪದ ಕೋಣೆಯಲ್ಲಿ ಕೊಟ್ಟ ಮಾತು ಉಳಿಯಿತು. ಜೂನಿಯರ್ ಹುಡುಗಿಯ ಕಡೆ ತಿರುಗಿ ಹುಬ್ಬೇರಿಸಿದೆ. ಬೀಗುವುದು ಒಳ್ಳೆಯದಲ್ಲ ಅನ್ನುವವರು ಅಂಥ ದಿನ ನನ್ನ ಹತ್ತಿರ ಬರದಿರುವುದು ವಾಸಿ.

ಮುಚ್ಚಳಿಕೆ ಬರೆಸಲು ಕೋರ್ಟಿನ ಕಚೇರಿಗೆ ಹೋದೆವು. ಹಿರಿಯರು ಜಮೀನಿನ ಪಹಣಿಯನ್ನು ತೆಗೆದು ಹಿಡಿದುಕೊಂಡಿದ್ದರು. ಜಾಮೀನುದಾರರು ಯಾರು ಎಂದು ಗುಮಾಸ್ತರು ಕೇಳಿದರು. ಹಿರಿಯರು ಮುಂದೆ ಬರುವಷ್ಟರಲ್ಲಿ, ಯಾವಾಗ ಒಳಗೆ ಬಂದಿದ್ದಳೋ, ಆ ಹೆಣ್ಣುಮಗಳು ಪಕ್ಕದಿಂದ ಕೈಚಾಚಿ ತನ್ನ ಪಹಣಿಯನ್ನು ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ ಚೀಲದಲ್ಲಿ ಇದ್ದದ್ದು ಅದು. ಜಾಮೀನಿಗೆ ಏನೇನು ಬೇಕು ಎಂದು ಪ್ರೊಬೇಷನ್ ಅಧಿಕಾರಿಯನ್ನು ಊರಲ್ಲೇ ಕೇಳಿ ತಿಳಿದುಕೊಂಡು, ಆಧಾರ್ ಸಮೇತ ತಂದಿದ್ದಳು.

ಗುಮಾಸ್ತರು ಆಕೆಯ ಹೆಸರು ಬರೆದುಕೊಂಡು, ಆರೋಪಿ ನಿಮಗೆ ಏನಾಗಬೇಕು ಎಂದು ಕೇಳಿದರು.

"ಏನೂ ಆಗ್ಬೇಕಾಗಿಲ್ಲ," ಎಂದಳು. "ಅಂವ ಸುಟ್ಟ ಬಣವಿ ನಂದು."

ಗುಮಾಸ್ತರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ಇಷ್ಟು ವರ್ಷದ ವಕೀಲಿಕೆಯಲ್ಲಿ ಹೀಗೊಂದು ಜಾಮೀನನ್ನು ನಾನೂ ನೋಡಿರಲಿಲ್ಲ. ಕಾನೂನಿನ ಅಡ್ಡಿಯೇನಿಲ್ಲ, ಬರೆದುಕೊಳ್ಳಿ ಎಂದೆ. ಹಿರಿಯರ ಮುಖ ಕೆಂಪಾಗಿತ್ತು. ಮನೆಯ ಹಿರಿಯನಾಗಿ ನಾನಿದ್ದೇನಲ್ಲ ತಂಗಿ, ನೀನು ಯಾಕೆ ಎಂದು ಅವರು ಮೆಲ್ಲಗೆ ಕೇಳಿದರು.

"ಯಣ್ಣಾ, ನಿಮ್ಮನಿ ಹುಡುಗನ್ನ ನೀವು ಕಾಯ್ದದ್ದು ನೋಡೀನಿ," ಎಂದಳು ಆಕೆ. "ಇನ್ನ ಎರಡು ವರ್ಷ ನಾ ಕಾಯ್ತೀನಿ."

ಹಿರಿಯರು ತಮ್ಮ ಪಹಣಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಹುಡುಗ ಅಳತೊಡಗಿದ. ಕೋರ್ಟಿನಲ್ಲಿ ಮಾತಾಡುವಾಗ ಅತ್ತಿರಲಿಲ್ಲ, ಜೈಲಿನಿಂದ ಬಂದ ದಿನವೂ ಅತ್ತಿರಲಿಲ್ಲ. ಈಗ ಮುಖ ಮುಚ್ಚಿಕೊಳ್ಳುವುದನ್ನೂ ಮರೆತು ಅಳುತ್ತಿದ್ದ. ಆಕೆ ಮಾತ್ರ ಅವನ ಕಡೆ ತಿರುಗಲಿಲ್ಲ. ಗುಮಾಸ್ತರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು, ಚೀಲ ಮಡಚಿಕೊಂಡಳು, ಗೋಡೆಯ ಗಡಿಯಾರ ನೋಡಿದಳು.

"ನಡೀಲೇ," ಎಂದಳು ಅವನಿಗೆ. "ಎಮ್ಮಿ ಹಿಂಡೋ ಹೊತ್ತಾತು."

ಅವನು ತೋಳಿನಿಂದ ಮುಖ ಒರೆಸಿಕೊಂಡು ಅವಳ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ.